ನಮ್ಮ ಕಾಲಿನ ಯೋಗಕ್ಷೇಮ

ಕ್ಯಾಸಂಬಳ್ಳಿ
ಗುರುವಾರ, 13 ನವೆಂಬರ್ 2025

ಪ್ರೀತಿಯ ಕಲಾ,

ಈ ಮೂಲಕ ಸಮಸ್ತ ಭೂಮಂಡಲಕ್ಕೆ, ವಿಶೇಷವಾಗಿ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚಕ್ಕೆ, ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ, ನಿವೃತ್ತ ಹವಾಲ್ದಾರ್ ಮುನೇಶ್ ಎಂಬ ನಾನು, ಅಡಿಗೆಮನೆಯ ಮೋಟು ಸ್ಟೂಲಿನ ಮೇಲೆ ಕುಳಿತು, ಪಾತ್ರೆ ಅಲುಗದಂತೆ ಹಿಡಿಯುವ ಕವೆಗೋಲನ್ನು ಇರುವ ಒಂದೇ ಕಾಲಿನಲ್ಲಿ ಅದುಮಿಕೊಂಡು, ಹುಡುಕಿದರೂ ಒಂದು ಗಂಟು ಸಿಗದಂಥ ರಾಗಿ ಮುದ್ದೆ ತಿರುವಿ ಕಟ್ಟಿದ್ದೇನೆ. ಸರ್ಕಾರ ಇದಕ್ಕೆ ಪದಕವನ್ನೇನೂ ಇಟ್ಟಿಲ್ಲ, ಗೊತ್ತು. ಇಟ್ಟಿದ್ದರೆ ಇಷ್ಟು ಹೊತ್ತಿಗೆ ಅರ್ಜಿ ಹಾಕಿರುತ್ತಿದ್ದೆ. ಸಾಕ್ಷಿಗೆ ಅಮ್ಮ ಇದ್ದಾಳೆ. ಮೊದಲ ಮುದ್ದೆಯನ್ನು ಬೆರಳಿನಿಂದ ಸೀಳಿ, ಬಾಗಿಲ ಬೆಳಕಿಗೆ ಹಿಡಿದು, ಚಿನ್ನ ಒರೆ ಹಚ್ಚುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಹೊಗಳಬೇಕಲ್ಲ ಎಂಬ ಸಂಕಟದಿಂದ, "ಈ ಇದ್ಯೆ ಇಷ್ಟು ವರ್ಸ ಎಲ್ಲಿ ಬಚ್ಚಿಟ್ಟಿದ್ದೆ ಕಣ್ಲಾ?" ಎಂದು ಬೈದಳು. ನಮ್ಮ ಮನೆಯಲ್ಲಿ ಹೊಗಳಿಕೆ ಬರುವುದು ಈ ದಾರಿಯಲ್ಲೇ ಎಂದು ನಿನಗೆ ನಾನು ಹೇಳಬೇಕಿಲ್ಲ.

ಈಗ, ಮೊದಲು ಕೇಳಬೇಕಾಗಿದ್ದನ್ನು ಎರಡನೆಯದಾಗಿ ಕೇಳುತ್ತಿದ್ದೇನೆ. ಹೇಗಿದ್ದೀಯ? ಕತ್ತಿನ ಹೊಲಿಗೆ ಒಣಗುತ್ತಿದೆಯೇ? ಗಂಜಿ ನುಂಗುವಾಗ ಇನ್ನೂ ಮುಖ ಕಿವುಚುತ್ತೀಯೋ, ಅಥವಾ ಅದು ಆಸ್ಪತ್ರೆಯ ಗಂಜಿಯ ರುಚಿಗೆ ಕಿವುಚುವುದೋ? ಥೈರಾಯ್ಡಿನ ಗಡ್ಡೆ ತೆಗೆದ ಮೇಲೆ ಹತ್ತು ದಿನ ಮಾತು ಕಡಿಮೆ ಮಾಡಬೇಕು ಎಂದು ಡಾಕ್ಟರು ಹೇಳಿದಾಗ ನಾನು ಮುಖವನ್ನು ಬಹಳ ಗಂಭೀರವಾಗಿ ಇಟ್ಟುಕೊಂಡಿದ್ದೆ. ಅದು ನನ್ನ ಸೈನಿಕ ತರಬೇತಿಯ ಫಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಹೇಳುವುದನ್ನು ನೀನು ಕೊನೆಯವರೆಗೂ ಕೇಳುವ ಸಂದರ್ಭ ಒದಗಿರುವುದು ಇದೇ ಮೊದಲು. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಾದರೆ ನಿನಗೆ ಬೇಡದ ಮಾತು ಬಂದ ತಕ್ಷಣ ಕೆಂಪು ಗುಂಡಿ ಒತ್ತಿಬಿಡುತ್ತೀಯ. ಕಾಗದಕ್ಕೆ ಗುಂಡಿ ಇಲ್ಲ. ಗಡ್ಡೆ ಕೆಟ್ಟದ್ದಲ್ಲ ಎಂದು ರಿಪೋರ್ಟು ಬಂದ ದಿನ ಅಮ್ಮ ಕೋಳಿ ಕೊಯ್ಯಿಸಿದಳು. ಪಾಪ, ಆ ಕೋಳಿಗೆ ಮಾತ್ರ ಅದು ಶುಭವಾರ್ತೆ ಆಗಲಿಲ್ಲ. ಒಟ್ಟಿನಲ್ಲಿ ಈಗ ನಿನ್ನ ಕತ್ತಿನಲ್ಲೂ ಗಂಟಿಲ್ಲ, ನನ್ನ ಮುದ್ದೆಯಲ್ಲೂ ಗಂಟಿಲ್ಲ. ಇದಕ್ಕಿಂತ ದೊಡ್ಡ ಐಶ್ವರ್ಯ ಯಾವ ಮನೆಯಲ್ಲಿದೆ ಹೇಳು. ಹೇಳಬೇಡ, ಬರೆ.

ಬರೆದದ್ದೂ ಬಂದಿದೆ. ನನ್ನ ತಂಗಿ ಅಂಬಿಕ, ನಿನ್ನ ಪಕ್ಕದಲ್ಲಿ ಹಗಲಿರುಳೂ ಕಾದಿರುವ ಆ ಸತ್ಯಸಂಧೆ, ನೀನು ಔಷಧಿ ಚೀಟಿಯ ಹಿಂಭಾಗದಲ್ಲಿ ಬರೆದಿದ್ದರ ಫೋಟೋ ಸೋಮವಾರ ಸಂಜೆ ಕಳಿಸಿದಳು. "ಭಾನುವಾರ ಬತ್ತೀನಿ. ಡಾಕ್ಟರ್‌ಗೆ ಏಳ್ಬುಟ್ಟು ಬತ್ತೀನಿ. ಇಲ್ಲಿ ಸುಮ್ನೆ ಬಿದ್ಕಂಡ್ರೆ ಕಾಲು ಯಾರು ನೋಡ್ಕಂತಾರೆ?" ಮಾತಾಡುವ ಹಾಗೇ ಬರೆಯುತ್ತೀಯ. ಓದಿದರೆ ನೀನೇ ಎದುರಿಗೆ ನಿಂತು ಸೊಂಟಕ್ಕೆ ಕೈ ಇಟ್ಟ ಹಾಗಿತ್ತು. ಆದರೆ ಡಾಕ್ಟರು ಹೇಳಿರುವುದು ಮುಂದಿನ ಬುಧವಾರ. ಬೆರಳು ಜುಮ್ಮೆನ್ನುತ್ತಿದೆ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ, ಮಂಗಳವಾರ ಇನ್ನೊಮ್ಮೆ ರಕ್ತ ನೋಡದೆ ಬಿಡುವುದಿಲ್ಲ ಎಂದಿದ್ದಾರೆ. ಅದಕ್ಕೆ ನಿನ್ನ ಉತ್ತರ, "ಜುಮ್ಮನ್ನೋದು ನಿಂತೋಯ್ತು." ಅಂಬಿಕ ಹೇಳುವ ಪ್ರಕಾರ ನೀನು ನೈಟಿಯ ಗುಂಡಿ ಹಾಕಿಕೊಳ್ಳಲಾರದೆ ಅವಳ ಕೈಯಲ್ಲಿ ಹಾಕಿಸಿಕೊಂಡು, "ನರ್ಸಮ್ಮನಿಗೆ ಏಳಿದ್ರೆ ನಿನ್ ಮೇಲೆ ಆಣೆ" ಎಂದು ಸನ್ನೆ ಮಾಡಿದೆಯಂತೆ. ಆಣೆಯನ್ನೂ ಸನ್ನೆಯಲ್ಲಿ ಹಾಕುವ ಹೆಂಗಸು ಈ ಬಂಗಾರಪೇಟೆ ಸೀಮೆಯಲ್ಲಿ ನೀನೊಬ್ಬಳೇ ಇರಬೇಕು.

ಆದ್ದರಿಂದ ನಿನ್ನ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಕಾಲನ್ನು ಯಾರು ನೋಡಿಕೊಳ್ಳುತ್ತಾರೆ ಎಂದರೆ, ನಿನ್ನ ಚೀಟಿ ಬಂದ ಮರುದಿನ ಅಮ್ಮ ನೋಡಿಕೊಂಡಳು. ಹೇಗೆ ಎಂದು ಕೇಳು. ಕೃತಕ ಕಾಲಿನೊಳಗೆ ಮೊಂಡಿಗೆ ಹಾಕುವ ಆ ಬಿಳಿ ಉಲ್ಲನ್ ಚೀಲಗಳಿವೆಯಲ್ಲ, ಆರು ಹೊಸವನ್ನು ನೀನು ಒಗೆದು ಹಗ್ಗದ ಮೇಲೆ ಸಾಲಾಗಿ ಒಣಹಾಕಿ ಹೋಗಿದ್ದೆ. ಒಂದು ಕಡೆ ಬಾಯಿ, ಇನ್ನೊಂದು ಕಡೆ ಗುಂಡಗೆ ಮುಚ್ಚಿದ ತಳ. ಹಾಲು ಸೋಸುವ ಬಟ್ಟೆಗೂ ಅದಕ್ಕೂ ಏನು ವ್ಯತ್ಯಾಸ ಎಂದು ಅಮ್ಮ ಈಗಲೂ ನನ್ನನ್ನೇ ಕೇಳುತ್ತಾಳೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಸೀಮೆ ಹಸುವಿನ ಹಾಲು ಕರೆದು, ಎರಡು ಚೀಲ ತೆಗೆದುಕೊಂಡು, ಒಂದರೊಳಗೆ ಒಂದು ಹಾಕಿ, ಚೆನ್ನಾಗಿ ಸೋಸಿ ಡೈರಿಗೆ ಹಾಕಿ ಬಂದಿದ್ದಾಳೆ. ಡೈರಿಯ ಸೀನಪ್ಪ, "ಏನಮ್ಮೋ ಚಿಕ್ಕವೆಂಕಟಮ್ಮ, ಇವತ್ತು ಒಂದು ಕೂದ್ಲು ಇಲ್ಲ, ಕಸ ಇಲ್ಲ, ಈ ಬಟ್ಟೆ ಎಲ್ಲಿ ತಂದೆ?" ಎಂದು ಮೆಚ್ಚಿಕೊಂಡನಂತೆ. "ನಮ್ ಮಗನಿಗೆ ಮಿಲಿಟ್ರಿಯೋರು ಕೊಟ್ಟವ್ರೆ" ಎಂದಳಂತೆ ಇವಳು. ಸೈನ್ಯದ ಸಾಮಗ್ರಿಯನ್ನು ಹೀಗೆ ನಾಗರಿಕ ಉಪಯೋಗಕ್ಕೆ ಬಳಸಿದ್ದು ಹೊರಗೆ ಗೊತ್ತಾದರೆ ನನ್ನನ್ನು ಮತ್ತೆ ಕರೆಸಿ ವಿಚಾರಣೆ ಮಾಡಬಹುದು.

ನಗಬೇಡ, ಹೊಲಿಗೆ ಎಳೆಯುತ್ತದೆ. ಮುಂದಿನದು ನಗುವಂಥದ್ದೂ ಅಲ್ಲ. ಹಾಲಾದ ಚೀಲ ಎರಡೂ ಕೆಟ್ಟವು. ಉಳಿದವುಗಳಲ್ಲಿ ಒಂದನ್ನೇ ಹಾಕಿಕೊಂಡು ನಾನು ಕಾಲು ಕಟ್ಟಿಕೊಂಡೆ. ಹೊತ್ತು ಏರಿದ ಹಾಗೆ ಮೊಂಡು ಸಣ್ಣಗಾಗುತ್ತದೆ, ಮಧ್ಯಾಹ್ನದ ಮೇಲೆ ಇನ್ನೊಂದು ಚೀಲ ಏರಿಸಬೇಕು ಎಂದು ನೀನು ದಿನವೂ ಅಂಗಳದಿಂದ ಕೂಗುತ್ತಿದ್ದೆಯಲ್ಲ, ಅದು ನಿನ್ನ ಕೂಗಾಗಿತ್ತೇ ಹೊರತು ನನ್ನ ನೆನಪಾಗಿರಲಿಲ್ಲ. ಅಂದು ಯಾರೂ ಕೂಗಲಿಲ್ಲ. ಸಂಜೆ ಕಾಲು ಬಿಚ್ಚಿದಾಗ ಮೂಳೆಯ ತುದಿಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಕೆಂಪು. ಮೊದಲು ಹೊಳೆದ ಯೋಚನೆ ಏನು ಗೊತ್ತೇ? ಕಲಾಗೆ ಹೇಳಬಾರದು. ಎರಡನೆಯದು, ನಮ್ಮ ಅರ್ಚನಳಿಗೂ ಹೇಳಬಾರದು, ಅವಳು ನಿನ್ನ ಮಗಳು. ಮೂರನೆಯ ಯೋಚನೆ ಬರುವ ಹೊತ್ತಿಗೆ ನಿನ್ನ ನೈಟಿಯ ಗುಂಡಿಯ ಕಥೆ ನೆನಪಾಗಿ ನನಗೆ ನಾಚಿಕೆ ಆಯಿತು. ಮುಚ್ಚಿಡುವ ಕಲೆಯಲ್ಲಿ ನಾವಿಬ್ಬರೂ ಒಂದೇ ಶಾಲೆಯವರು. ನಿನ್ನೆ ಬುಧವಾರ ಬೆಳಿಗ್ಗೆ, ಕಾಲನ್ನು ಗೋಡೆಗೆ ಒರಗಿಸಿ ಅದಕ್ಕೊಂದು ದಿನ ರಜೆ ಕೊಟ್ಟು, ಪ್ಯಾಂಟು ಮಡಚಿ ಪಿನ್ನು ಹಾಕಿ, ಎರಡು ಊರುಗೋಲು ಹಿಡಿದು ಒಬ್ಬನೇ ಕೆಜಿಎಫ್ ಬಸ್ಸು ಹತ್ತಿದೆ. ಹೌದು, ಒಬ್ಬನೇ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟ ಮುದುಕರೊಬ್ಬರು, ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಯವರು, ಸೆಲ್ವರಾಜ್ ಎಂದು ಹೆಸರು. ಎದೆಯಲ್ಲಿ ಗೊರಗೊರ ಸದ್ದು. ನನ್ನ ಪ್ಯಾಂಟಿನ ಪಿನ್ನು ನೋಡಿ, "ಏನ್ ತಂಬಿ, ಕಾಲು ಎಲ್ಲೋಯ್ತು?" ಎಂದರು. ಮೈನಿನಲ್ಲಿ ಹೋಯಿತು ಎಂದೆ. "ಯಾವ ಶಾಫ್ಟು?" ಎಂದರು. ನಾನು ಹೇಳಿದ್ದು ಗಡಿಯಲ್ಲಿ ಗಸ್ತು ತಿರುಗುವಾಗ ಕಾಲ ಕೆಳಗೆ ಸಿಡಿದ ಮೈನು. ಅವರಿಗೆ ಕೇಳಿಸಿದ್ದು ಚಿನ್ನದ ಮೈನು. ಈ ಊರಿನಲ್ಲಿ ಇನ್ನೊಂದು ಮೈನು ಇರುವುದಾದರೂ ಹೇಗೆ! "ನಾನೂ ಮೂವತ್ತೊಂದು ವರ್ಸ ಇಳ್ದಿದೀನಿ, ನಿನ್ ಮುಖಾನೇ ನೋಡಿಲ್ವಲ್ಲ. ಗಣಿ ಮುಚ್ದಾಗ ನಿಂಗೆ ಮೀಸೆ ಬಂದಿತ್ತಾ?" ಎಂದು ನನ್ನನ್ನು ಪಾಟೀಸವಾಲಿಗೆ ಹಾಕಿದರು. ನಾನು ವಿವರಿಸಿದೆ. ಮುದುಕರು, "ಅಡಡಾ! ನಿಂದು ನೆಲದ ಮೇಲಿನ ಮೈನು, ನಮ್ದು ನೆಲದ ಒಳಗಿನ ಮೈನು. ಪರವಾಗಿಲ್ಲ, ಇಬ್ರೂ ಮೈನ್ ಕಡೆಯೋರೇ" ಎಂದು ನನ್ನನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡು ಬೆನ್ನು ತಟ್ಟಿದರು.

ಆಮೇಲೆ, ಜೊತೆಗೆ ಯಾರೂ ಬರಲಿಲ್ಲವೇ ಎಂದು ಕೇಳಿದರು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಎಂದೆ. ಅವರ ಮುಖ ಒಂದು ಥರ ಆಯಿತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ, ನಾನೇನೂ ಸೇರಿಸಿಲ್ಲ. "ಧೂಳು ಕುಡ್ದ ಎದೆ ನಂದು. ನಾನು ಎಷ್ಟು ಸಲ ಆಸ್ಪತ್ರೆಗೆ ಓಗಿದೀನೋ ಲೆಕ್ಕಾನೇ ಇಲ್ಲ ತಂಬಿ. ಒಂದೊಂದ್ ಸಲಾನೂ ನಮ್ಮನೆಯೋಳು ಮಾರಿಯಮ್ಮ ಕೈ ಹಿಡ್ಕಂಡು ಕರ್ಕಂಡೋದ್ಲು. ಅವ್ಳು ಅವಳ್ಗೋಸ್ಕರ ಓಗಿದ್ದು ಒಂದೇ ಸಲ. ವಾಪಸ್ ಬರ್ಲಿಲ್ಲ." ಅಷ್ಟು ಹೇಳಿ, ಜೇಬಿನಿಂದ ಕಡಲೆ ಮಿಠಾಯಿ ತೆಗೆದು ಅರ್ಧ ಮುರಿದು ನನಗೆ ಕೊಟ್ಟರು. ತಿಂದೆ. ಇಳಿಯುವ ಸ್ಟಾಪು ಬರುವವರೆಗೂ ಇಬ್ಬರೂ ಮಿಠಾಯಿ ಅಗಿಯುತ್ತಾ ಕೂತಿದ್ದೆವು.

ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನಲ್ಲಿ ನನಗಾದ ಅವಮಾನವನ್ನು ಈಗ ಕೇಳು. ಗೇಟಿನವನು, "ಮೇಡಂ ಬರಲಿಲ್ವಾ?" ಎಂದ. ಔಷಧಿ ಕೊಡುವ ಹುಡುಗಿ, "ಆಂಟಿ ಎಲ್ಲಿ?" ಎಂದಳು. ಹೆಸರು ಬರೆಯುವ ಕಾಂತರಾಜ್ ಅಂತೂ ತಲೆಯೆತ್ತಿ ನನ್ನ ಹಿಂದೆ, ಬಾಗಿಲ ಹಿಂದೆ, ಬೆಂಚಿನ ಹಿಂದೆ ಎಲ್ಲ ಹುಡುಕಿ, ಕೊನೆಗೆ ನನ್ನನ್ನು ನೋಡಿ, "ತಾವು ಯಾರು?" ಎನ್ನುವ ಹಾಗೆ ಮುಖ ಮಾಡಿದ. ಒಬ್ಬರಾದರೂ ಕಾಲನ್ನು ವಿಚಾರಿಸಲಿಲ್ಲ. ಡಾಕ್ಟರು ಮಾತ್ರ ವಿಚಾರಿಸಿದರು. ಯಾವಾಗಿನಿಂದ ಕೆಂಪು, ಯಾವ ಮುಲಾಮು, ಎಷ್ಟು ಚೀಲ ಹಾಕುತ್ತೀರಿ, ಹೋದ ಸಲ ಅಳತೆ ಎಷ್ಟಿತ್ತು. ಎಲ್ಲದಕ್ಕೂ ನನ್ನದು ಒಂದೇ ಉತ್ತರ, ಅವಳಿಗೆ ಗೊತ್ತು ಸಾರ್. ಅವರು ಪೆನ್ನು ಕೆಳಗಿಟ್ಟು, "ಕಾಲು ಯಾರದ್ದು ಹವಾಲ್ದಾರ್ ಸಾಹೇಬರೇ?" ಎಂದರು. ನನ್ನ ಬಾಯಿಂದ ಬಂದದ್ದು, "ನಮ್ಮದು ಸಾರ್." ನಿನ್ನ ಮಾತೇ. ‘ನಮ್ ಕಾಲಿಗೆ ಸೋಮವಾರ ಡೇಟು ಕೊಟ್ಟವ್ರೆ’, ‘ನಮ್ ಕಾಲು ಇವತ್ತು ಸ್ವಲ್ಪ ಮುನಿಸ್ಕಂಡೈತೆ’ ಎಂದು ನಾಲ್ಕು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು ನೀನು. ಅದೇ ನನ್ನ ನಾಲಿಗೆಗೂ ಅಂಟಿದೆ. ಡಾಕ್ಟರು ನಕ್ಕರು. ಗಾಯವಲ್ಲ, ಒತ್ತಿದ ಗುರುತು ಅಷ್ಟೇ, ಮುಲಾಮು ಹಚ್ಚಿ, ಶುಕ್ರವಾರ ರಾತ್ರಿಯವರೆಗೆ ಕಾಲು ಹಾಕಬೇಡಿ ಎಂದರು. ಇವತ್ತು ನೋಡಿದೆ. ಕೆಂಪು ಹೋಗಿ ತಿಳಿ ಗುಲಾಬಿ ಬಣ್ಣಕ್ಕೆ ಬಂದಿದೆ. ಬೇಕಾದರೆ ಅರ್ಚನಳ ಫೋನಿನಲ್ಲಿ ಫೋಟೋ ಇದೆ, ನೋಡು. ನಮ್ಮ ಕಾಲು ಇಷ್ಟು ಚೆನ್ನಾಗಿ ಯಾವ ಫೋಟೋದಲ್ಲೂ ಬಂದಿಲ್ಲ.

ಹೊರಗೆ ಬರುವಾಗ ಕಾಂತರಾಜ್ ಕಂಪ್ಯೂಟರಿನಲ್ಲಿ ನನ್ನ ಭೇಟಿ ಬರೆದುಕೊಂಡ. ಎಷ್ಟನೆಯದು ಎಂದು ಕುತೂಹಲಕ್ಕೆ ಕೇಳಿದೆ. ನಲವತ್ತೆರಡನೆಯದು. ನಮ್ಮ ಮನೆಯವಳದ್ದು ಎಷ್ಟಿದೆ ನೋಡಪ್ಪ ಎಂದೆ. ಅವನು ನೋಡಿದ. ಒಂದು. ಅದೂ ಹೋದ ತಿಂಗಳು. ನನ್ನ ಕಾಲು ಹಿಡಿದುಕೊಂಡು ನೀನು ಬಗ್ಗಿದಾಗ ಸೆರಗು ಸರಿದು, ಡಾಕ್ಟರು ನನ್ನ ಮೊಂಡು ಬಿಟ್ಟು, "ಮೇಡಂ, ನಿಮ್ಮ ಕತ್ತಲ್ಲಿ ಇದೇನು?" ಎಂದು ಕೇಳಿದರಲ್ಲ, ಆ ಒಂದು. ನಿನ್ನೆಯದು ಬಿಟ್ಟು ನನ್ನ ನಲವತ್ತೊಂದು ಸಲವೂ ನೀನು ಅಲ್ಲಿದ್ದೆ, ಅದೇ ಬೆಂಚಿನ ಮೇಲೆ ಕುಳಿತಿದ್ದೆ. ಕೊನೆಯ ಎರಡು ವರ್ಷವಂತೂ ಆ ಗಡ್ಡೆಯೂ ನಿನ್ನ ಜೊತೆಗೇ ಬಂದು ಕುಳಿತಿತ್ತು. ಕತ್ತು ಮುಚ್ಚುವ ಹಾಗೆ ರವಿಕೆ ಹೊಲಿಸಿಕೊಂಡೆ, ಕೇಳಿದ್ದಕ್ಕೆ ದಪ್ಪ ಆಗಿದ್ದೀನಿ ಎಂದೆ. ನಾನು ಅದನ್ನು ನಂಬಿ, ದಪ್ಪ ಆಗಿದ್ದೀಯ ಎಂದು ನಾಲ್ಕು ಜನರ ಮುಂದೆ ಆಡಿಕೊಂಡು ನಗಿಸಿದೆ. "ಮೇಡಂ ನಮಗೆಲ್ಲ ಚೆನ್ನಾಗಿ ಗೊತ್ತು ಸಾರ್," ಎಂದ ಕಾಂತರಾಜ್, "ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ." ಅವನಿಗೆ ಅದು ತಮಾಷೆ. ನಾನು ಬೆಂಚಿನ ಮೇಲೆ, ನೀನು ಕೂರುವ ತುದಿಯಲ್ಲಿ, ಸ್ವಲ್ಪ ಹೊತ್ತು ಕೂತು ಬಂದೆ. ಆ ತುದಿಯಲ್ಲಿ ಫ್ಯಾನಿನ ಗಾಳಿಯೇ ಬರುವುದಿಲ್ಲ ಕಲಾ. ಒಂದು ದಿನವಾದರೂ ಹೇಳಬಾರದಿತ್ತೇ?

ಹೇಳುವುದು ನಿನಗೆ ಬರುವುದೇ ಇಲ್ಲ ಎಂಬುದಕ್ಕೆ ಮಾತ್ರ ದೊಡ್ಡ ಪುರಾವೆ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಸಿಕ್ಕಿತ್ತು. ನಾನು ಕ್ಯಾಂಟೀನಿನಲ್ಲಿ ಟೀ ತರಲು ಹೋಗಿದ್ದೆ. ಚೀಟಿ ಬರೆಯುವ ಕಿಟಕಿಯವರು, "ಏನಮ್ಮ ತೊಂದರೆ?" ಎಂದು ಕೇಳಿದ್ದಾರೆ. ನೀನು ಫೈಲು ಎದೆಗೆ ಅವಚಿಕೊಂಡು, ನಾಲ್ಕು ವರ್ಷದ ಅಭ್ಯಾಸದಲ್ಲಿ, "ಎಡಗಾಲು ಸಾರ್, ಮಂಡಿ ಕೆಳಗೆ" ಎಂದಿದ್ದೀಯ. ಅವರೂ ಮರ್ಯಾದೆಯಾಗಿ ಮೂಳೆ ವಿಭಾಗದ ಚೀಟಿ ಕೊಟ್ಟಿದ್ದಾರೆ. ನಾನು ಟೀ ಹಿಡಿದು ನಿನ್ನನ್ನು ಹುಡುಕುತ್ತಿದ್ದ ಒಂದೂವರೆ ಗಂಟೆ ಆ ಸಾಲಿನಲ್ಲಿ ನಿಂತು ನಿನ್ನ ಸರದಿ ಬಂದಾಗ, ಒಳಗಿದ್ದ ಕ್ಯಾಪ್ಟನ್ ಡಾಕ್ಟರ್ ಹುಡುಗಿ ನಿನ್ನ ಎರಡೂ ಕಾಲನ್ನು ನೋಡಿ, ಚೀಟಿ ನೋಡಿ, ಮತ್ತೆ ಕಾಲು ಎಣಿಸಿದಳಂತೆ. ಈ ಕಥೆಯನ್ನು ನಾನು ಊರಿನಲ್ಲಿ ಕನಿಷ್ಠ ಹನ್ನೆರಡು ಮನೆಯಲ್ಲಿ ಹೇಳಿ ನಗಿಸಿದ್ದೇನೆ. ನಿನ್ನೆ ಆ ಬೆಂಚಿನ ಮೇಲೆ ಕೂತ ಮೇಲೆ ಹದಿಮೂರನೆಯ ಮನೆಗೆ ಹೋಗಲಿಲ್ಲ. ನಿನಗೇನಾಗಿದೆ ಎಂದು ಕೇಳಿದರೆ ನನ್ನ ಕಾಯಿಲೆ ಹೇಳುತ್ತೀಯ. ಈಗಲೂ ನೀನು ಚೀಟಿಯಲ್ಲಿ ಮಾಡಿರುವುದು ಅದನ್ನೇ.

ಹೀಗಾಗಿ ಇದು ನನ್ನ ವಿನಂತಿ. ಅಥವಾ ಆದೇಶ. ಯಾವುದನ್ನು ನೀನು ಕೇಳುತ್ತೀಯೋ ಅದು ಎಂದು ತಿಳಿದುಕೋ. ಭಾನುವಾರ ಬರಬೇಡ. ಮನೆ ನಡೆಯುತ್ತಿದೆ. ಚೆನ್ನಾಗಿ ನಡೆಯುತ್ತಿದೆ ಎಂದು ಸುಳ್ಳು ಹೇಳುವುದಿಲ್ಲ, ಕುಂಟಿಕೊಂಡು ನಡೆಯುತ್ತಿದೆ, ಆ ನಡಿಗೆ ನಮಗೆ ಹೊಸದೇನೂ ಅಲ್ಲ. ಹಸು ಮೇಯುತ್ತಿದೆ. ಅರ್ಚನ ಬಂಗಾರಪೇಟೆ ಕಾಲೇಜಿಗೆ ಇವತ್ತಿನವರೆಗೆ ಒಂದು ದಿನವೂ ತಪ್ಪಿಸಿಲ್ಲ. ದಿನವೂ ಮಧ್ಯಾಹ್ನ ಎರಡು ಗಂಟೆಗೆ ಕೂಗುವ ಕೆಲಸವನ್ನು ನನ್ನ ಫೋನಿನ ಅಲಾರಂಗೆ ಒಪ್ಪಿಸಿದ್ದೇನೆ. ಅದು ನಿನ್ನಷ್ಟು ಜೋರಾಗಿ ಕೂಗುವುದಿಲ್ಲ, ಆದರೆ ಅಕ್ಕಪಕ್ಕದವರು ನೆಮ್ಮದಿಯಾಗಿದ್ದಾರೆ. ಅವರೆಕಾಯಿ ಬರಲು ಶುರುವಾಗಿದೆ. ಮೊದಲ ಬುಟ್ಟಿಯನ್ನು ಅಮ್ಮ ನಿನಗೆಂದು ಹಾಗೇ ಇಟ್ಟಿದ್ದಾಳೆ, ಯಾರೂ ಮುಟ್ಟುವ ಹಾಗಿಲ್ಲ. ಬುಧವಾರದ ಹೊತ್ತಿಗೆ ಬಾಡಿದರೆ ಇನ್ನೊಂದು ಬುಟ್ಟಿ ಬಿಡಿಸಿದರಾಯಿತು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಜೊತೆಗೆ, ಮೈ ತುಂಬಾ ಹೊದ್ದುಕೋ, ಕತ್ತಿಗೆ ಗಾಳಿ ತಗುಲಿಸಬೇಡ ಎಂದೂ ಬರೆಸುತ್ತಿದ್ದಾಳೆ. ಪಕ್ಕದ ಮಂಚದವರಿಗೆ ನನ್ನ ನಮಸ್ಕಾರ ತಿಳಿಸು. ನರ್ಸಮ್ಮನವರಿಗೆ ಡಬಲ್ ನಮಸ್ಕಾರ. ಅಂಬಿಕಳಿಗೆ ನನ್ನ ಶಹಬ್ಬಾಸ್.

ಸದಾ ನಿನ್ನವನೇ ಆದ,
ಮುನೇಶ್

ಮರೆತಿದ್ದ ಮಾತು: ನಾಳೆ ನಿನ್ನನ್ನು ನೋಡಲು ಬರುವ ಅರ್ಚನ ಬ್ಯಾಗು ತುಂಬಿಕೊಂಡು, "ಅಪ್ಪಾ, ನಾಳೆ ಬೆಳಿಗ್ಗೆ ಬೆಂಗಳೂರಿಗೋಗೋ ಮಾರಿಕುಪ್ಪಂ ಗಾಡಿ ನಿಮ್ ಕಾಗ್ದ ಮುಗಿಯೋವರ್ಗೂ ಕಾಯಲ್ಲ, ಕವರಿಗೆ ಈಗ್ಲೇ ಅಂಟು ಹಚ್ಚಿ" ಎಂದು ತಲೆಯ ಮೇಲೆ ನಿಂತಿದ್ದಾಳೆ, ಆದ್ದರಿಂದ ಬೇಗ ಬರೆಯುತ್ತೇನೆ. ಬೆರಳಿನ ವಿಷಯ ನರ್ಸಮ್ಮನಿಗೆ ಹೇಳಿಸಿದ್ದು ನಾನೇ. ಈ ದಿನ ಬೆಳಿಗ್ಗೆ ನಿನಗೆ ಕ್ಯಾಲ್ಸಿಯಂನ ಎರಡನೆಯ ಸೂಜಿ ಬಿದ್ದದ್ದು ಅದಕ್ಕೇ. ಅಂಬಿಕಳ ಮೇಲೆ ಕಣ್ಣು ಬಿಡಬೇಡ, ಆಣೆ ಮುರಿದ ಪಾಪ ನನ್ನದು. ಶನಿವಾರ ಬೆಳಿಗ್ಗೆ ಕಾಲು ಕಟ್ಟಿಕೊಂಡು ನಾನೇ ಬರುತ್ತಿದ್ದೇನೆ. ಬುಧವಾರ ನಿನ್ನನ್ನು ಕರೆದುಕೊಂಡೇ ವಾಪಸ್ಸು. ಹಗಲೆಲ್ಲ ನಿನ್ನ ಮಂಚದ ಪಕ್ಕ ಕೂರುತ್ತೇನೆ. ರಾತ್ರಿ ಗಂಡಸರನ್ನು ಬಿಡುವುದಿಲ್ಲವಂತೆ, ಸೈನಿಕರ ವಿಶ್ರಾಂತಿ ಗೃಹದಲ್ಲಿ ಜಾಗ ಹೇಳಿದ್ದೇನೆ. ವಾರ್ಡಿಗೆ ಬಿಡಲು ಪಾಸು ಬೇಕು, ಅದರ ಕಾಗದ ಇದರ ಜೊತೆಗಿದೆ, ಸಹಿ ಮಾಡಿ ನಾಳೆ ಸಂಜೆ ಅರ್ಚನಳ ಕೈಯಲ್ಲೇ ಕಳಿಸು. ಕೆಳಗೆ ಎರಡು ಗೆರೆ ಇವೆ. ‘ರೋಗಿಯನ್ನು ನೋಡಿಕೊಳ್ಳುವವರು’ ಎಂಬ ಗೆರೆಯ ಮೇಲೆ ನಾನು ಆಗಲೇ ಸಹಿ ಹಾಕಿದ್ದೇನೆ. ನೀನು ಇನ್ನೊಂದರ ಮೇಲೆ ಹಾಕು. ಬೆರಳು ನಡುಗಿದರೆ ಅಕ್ಷರ ಸೊಟ್ಟ ಆಗಲಿ, ಚಿಂತೆಯಿಲ್ಲ, ಪೂರ್ತಿ ಹೆಸರು ಬರೆ.